ಹಡಗಿಗೆ ವಿಮೆ, ಯಾತ್ರಿಕನಿಗೇನು?

ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳತ್ತ ವಿಹಾರ ಹಡಗುಗಳು ಓಡಾಡತೊಡಗಿ ಕೆಲವು ವರ್ಷಗಳಾದವು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಕುಟುಂಬಗಳು ಚಳಿಗಾಲದ ರಜೆಯಲ್ಲಿ ದುಬೈಯಿಂದ ಹೊರಡುವ ಹಡಗುಗಳಲ್ಲಿ ನಾಲ್ಕಾರು ದಿನ ಕಳೆದು ಬರುವುದೂ ಈಗ ಅಪರೂಪವಲ್ಲ. ಇಂತಹ ಪ್ರಯಾಣಕ್ಕೆ ಟಿಕೆಟು ಕಾಯ್ದಿರಿಸುವಾಗ ಕೊನೆಗೊಂದು ಪ್ರಶ್ನೆ ಎದುರಾಗುತ್ತದೆ. ಪ್ರಯಾಣ ವಿಮೆ ಬೇಕೇ, ಬೇಡವೇ? ಕೆಲವರು ಯೋಚಿಸದೆ ಹಣ ಕಟ್ಟುತ್ತಾರೆ. ಕೆಲವರು ‘ಇಷ್ಟು ದೊಡ್ಡ ಹಡಗಿಗೆ ವಿಮೆ ಇಲ್ಲದೆ ಇರುತ್ತದೆಯೇ? ಮತ್ತೆ ನಮಗೇಕೆ?’ ಎಂದು ಮುಂದೆ ಸಾಗುತ್ತಾರೆ. ಇನ್ನು ಕೆಲವರಿಗೆ ಧರ್ಮಸಮ್ಮತವೇ ಎಂಬ ಸಂಶಯ.

ಎರಡನೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಹಡಗಿಗೆ ವಿಮೆ ಇದ್ದೇ ಇರುತ್ತದೆ. ಆದರೆ ಹಡಗಿನ ವಿಮೆ ಹಡಗಿನಲ್ಲಿರುವವನ ವಿಮೆಯಲ್ಲ. ಈ ಎರಡರ ನಡುವಿನ ಅಂತರ ನಿನ್ನೆ ಮೊನ್ನೆಯದ್ದೂ ಅಲ್ಲ. ವಿಮೆ ಎಂಬ ವ್ಯವಸ್ಥೆ ಹುಟ್ಟಿದ್ದೇ ಸಮುದ್ರದ ಮೇಲೆ. ಆದರೆ ಅದು ಹುಟ್ಟಿದ್ದು ಸರಕಿಗಾಗಿ, ಮನುಷ್ಯನಿಗಾಗಿ ಅಲ್ಲ. ಸರಕಿನಿಂದ ಮನುಷ್ಯನವರೆಗೆ ಬರಲು ಅದಕ್ಕೆ ನೂರಾರು ವರ್ಷಗಳು ಬೇಕಾದವು. ಆ ಹಾದಿಯನ್ನು ಒಮ್ಮೆ ಹಿಂದಿರುಗಿ ನೋಡಿದರೆ ಇಂದಿನ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದು ಸುಲಭವಾದೀತು ಎಂಬುದು ನಮ್ಮ ಭಾವನೆ.

ಮುಳುಗಿದರೆ ಸಾಲವಿಲ್ಲ

ಪುರಾತನ ಗ್ರೀಕರಲ್ಲಿ ‘ಸಮುದ್ರ ಸಾಲ’ ಎಂಬ ಪದ್ಧತಿಯಿತ್ತು. ವ್ಯಾಪಾರಿ ಸಾಲ ಮಾಡಿ ಸರಕು ಕೊಂಡು ಹಡಗು ಹತ್ತುತ್ತಿದ್ದ. ಹಡಗು ಸುರಕ್ಷಿತವಾಗಿ ತಲುಪಿದರೆ ಅಸಲನ್ನೂ ಭಾರೀ ಬಡ್ಡಿಯನ್ನೂ ಕೊಡಬೇಕು. ಹಡಗು ಮುಳುಗಿದರೆ ಸಾಲವೂ ಮುಳುಗಿದಂತೆ. ಅಂದರೆ ಸಮುದ್ರದ ಅಪಾಯವನ್ನು ಹೊರುವವನು ಸಾಲ ಕೊಟ್ಟವನು. ಆ ಬಡ್ಡಿಯೊಳಗೆ ವಿಮೆಯ ಕಂತು ಅಡಗಿತ್ತು.

ಈ ವ್ಯವಸ್ಥೆಯ ಜೊತೆಗೇ ಅದರ ದುರುಪಯೋಗವೂ ಹುಟ್ಟಿತು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಅಥೆನ್ಸ್‌ನ ವಾಗ್ಮಿ ಡೆಮಾಸ್ಥನೀಸ್ ಒಂದು ಮೊಕದ್ದಮೆಗಾಗಿ ಸಿದ್ಧಪಡಿಸಿದ ಭಾಷಣ ಇಂದಿಗೂ ಉಳಿದಿದೆ. ಹೆಗೆಸ್ಟ್ರಾಟಸ್ ಎಂಬ ಹಡಗಿನ ಯಜಮಾನ ಸಿರಾಕ್ಯೂಸ್‌ನಲ್ಲಿ ಸಾಲ ಎತ್ತಿ, ಹಣವನ್ನು ತನ್ನೂರಿಗೆ ಸಾಗಿಸಿ, ಬಳಿಕ ನಡುಸಮುದ್ರದಲ್ಲಿ ರಾತ್ರಿ ಹಡಗಿನ ತಳ ಕೊರೆಯಲು ಹೊರಟನೆಂಬುದು ಅದರಲ್ಲಿನ ಆಪಾದನೆ. ಹಡಗು ಮುಳುಗಿದರೆ ಸಾಲ ತೀರಿಸಬೇಕಿಲ್ಲವಲ್ಲ! ಸಿಕ್ಕಿಬಿದ್ದಾಗ ಅವನು ಸಮುದ್ರಕ್ಕೆ ಹಾರಿ, ದೋಣಿ ತಪ್ಪಿ ಮುಳುಗಿ ಸತ್ತ. ಹಡಗು ಮಾತ್ರ ದಡ ಸೇರಿತು. ಆ ರಾತ್ರಿ ಮೇಲಂತಸ್ತಿನಲ್ಲಿದ್ದ ಪ್ರಯಾಣಿಕರು ಅವನ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ.

ಅದೇ ಕಾಲದ ಇನ್ನೊಂದು ನಿಯಮ ಇದಕ್ಕೆ ತದ್ವಿರುದ್ಧವಾದುದು. ರೋಡ್ಸ್ ದ್ವೀಪದ ಹೆಸರಿನಲ್ಲಿ ಪ್ರಸಿದ್ಧವಾದ ಈ ನಿಯಮವನ್ನು ರೋಮನರು ತಮ್ಮ ಕಾನೂನಿಗೆ ಸೇರಿಸಿಕೊಂಡರು. ಬಿರುಗಾಳಿಯಲ್ಲಿ ಹಡಗು ಹಗುರವಾಗಲೆಂದು ಒಬ್ಬನ ಸರಕನ್ನು ಸಮುದ್ರಕ್ಕೆ ಎಸೆದರೆ, ಅದರಿಂದಾಗಿ ಯಾರ ಯಾರ ಸರಕು ಉಳಿಯಿತೋ ಅವರೆಲ್ಲರೂ ಸೇರಿ ಅವನ ನಷ್ಟ ತುಂಬಿಕೊಡಬೇಕು. ಒಬ್ಬನ ನಷ್ಟದಿಂದ ಎಲ್ಲರೂ ಉಳಿದರು. ಆದ್ದರಿಂದ ನಷ್ಟವೂ ಎಲ್ಲರದ್ದು. ಈ ಪಾಲನ್ನು ಲೆಕ್ಕ ಹಾಕುವಾಗ ರೋಮನ್ ನ್ಯಾಯಶಾಸ್ತ್ರಜ್ಞರಿಗೆ ಒಂದು ಪ್ರಶ್ನೆ ಬಂತು. ಹಡಗಿನಲ್ಲಿದ್ದ ಮನುಷ್ಯರ ಜೀವವೂ ಉಳಿಯಿತಲ್ಲ, ಅದಕ್ಕೆ ಎಷ್ಟು ಬೆಲೆ ಕಟ್ಟುವುದು? ಅವರ ಉತ್ತರ, ಸ್ವತಂತ್ರ ಮನುಷ್ಯನ ದೇಹಕ್ಕೆ ಬೆಲೆ ಕಟ್ಟಲು ಬರುವುದಿಲ್ಲ ಎಂದು.

ಇದು ಘನತೆಯ ಮಾತು. ಆದರೆ ಇದರ ಪರಿಣಾಮ ಎರಡು ಬಗೆಯದ್ದಾಯಿತು. ಬೆಲೆಯಿಲ್ಲದ್ದಕ್ಕೆ ವಿಮೆಯೂ ಇಲ್ಲ. ಬೆಲೆಯಿರುವ ಮನುಷ್ಯ, ಅಂದರೆ ಗುಲಾಮ, ಸರಕಿನ ಪಟ್ಟಿಗೆ ಸೇರಿದ. ಇದು ಎಲ್ಲಿಗೆ ಹೋಗಿ ಮುಟ್ಟಿತು ಎಂಬುದನ್ನು ಮುಂದೆ ನೋಡಲಿದ್ದೇವೆ.

ಮಂಗಳೂರಿನ ವ್ಯಾಪಾರಿಯ ಕಬ್ಬಿಣ

ಅರಬಿ ಸಮುದ್ರದ ವ್ಯಾಪಾರಿಗಳು ಈ ಅಪಾಯವನ್ನು ಹೇಗೆ ನಿಭಾಯಿಸುತ್ತಿದ್ದರು? ಕೈರೋ ನಗರದ ಹಳೆಯ ಯಹೂದಿ ಪ್ರಾರ್ಥನಾಲಯದಲ್ಲಿ ದೊರೆತ ‘ಗೆನೀಝಾ’ ಕಾಗದಪತ್ರಗಳಲ್ಲಿ ಇದಕ್ಕೆ ಉತ್ತರವಿದೆ. ಹನ್ನೆರಡನೆಯ ಶತಮಾನದಲ್ಲಿ ಸುಮಾರು 17 ವರ್ಷ ನಮ್ಮ ಮಂಗಳೂರು ಹಾಗೂ ಸುತ್ತಲಿನ ಕರಾವಳಿಯಲ್ಲಿ ನೆಲೆಸಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಯ ಪತ್ರಗಳು ಅವುಗಳಲ್ಲಿವೆ. ಅಮಿತಾವ್ ಘೋಷ್ 1992ರಲ್ಲಿ ಪ್ರಕಟಿಸಿದ ಕೃತಿಯಿಂದಾಗಿ ಬೆನ್ ಯಿಜು ಹಾಗೂ ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಆಳು ಬೊಮ್ಮನ ಹೆಸರು ಕನ್ನಡದ ಓದುಗರಿಗೂ ಪರಿಚಿತ.

ಬೆನ್ ಯಿಜು ಮಂಗಳೂರಿನಿಂದ ಮೆಣಸು, ಕಬ್ಬಿಣ ಮುಂತಾದವನ್ನು ಕಳಿಸುತ್ತಿದ್ದ. ಏಡನ್‌ನ ಗೆಳೆಯರು ಅದನ್ನು ಮಾರಿ ರೇಶ್ಮೆ, ಕಾಗದ, ಸಕ್ಕರೆ, ಒಣದ್ರಾಕ್ಷಿ ಕಳಿಸುತ್ತಿದ್ದರು. ಒಂದು ಪತ್ರದಲ್ಲಿ ಅವರು ದುಃಖದ ಸುದ್ದಿ ತಿಳಿಸಿದ್ದಾರೆ. ಸರಕು ಹೊತ್ತ ದೊಡ್ಡ ಹಡಗು ಗಾಳಿಗೆ ಸಿಕ್ಕಿ ಬಾಬುಲ್ ಮಂದಬ್ ಜಲಸಂಧಿಯ ಬಳಿ ಮುಳುಗಿತು. ಮೆಣಸು ಪೂರ್ತಿ ಹೋಯಿತು. ಏಡನ್‌ನಿಂದ ಮುಳುಗುಗಾರರನ್ನು ಕರೆತಂದು ಕಬ್ಬಿಣದಲ್ಲಿ ಸುಮಾರು ಅರ್ಧದಷ್ಟನ್ನು ಮೇಲೆತ್ತಿಸಲಾಯಿತು. ಚಿಕ್ಕ ಹಡಗಿನಲ್ಲಿ ಕಳಿಸಿದ್ದು ಮಾತ್ರ ಸುರಕ್ಷಿತವಾಗಿ ತಲುಪಿತ್ತು.

ಇಲ್ಲಿ ವಿಮಾ ಪತ್ರವಿಲ್ಲ, ಕಂತಿಲ್ಲ. ಆದರೆ ಎಚ್ಚರವಿದೆ. ಎಲ್ಲ ಸರಕನ್ನೂ ಒಂದೇ ಹಡಗಿಗೆ ಹಾಕದಿರುವುದು ಮೊದಲ ಎಚ್ಚರ. ಎರಡನೆಯದು, ಒಬ್ಬನ ನಷ್ಟದಲ್ಲಿ ಇನ್ನೊಬ್ಬ ಪಾಲುದಾರನಾಗುವುದು. ಅರಬ್ ವ್ಯಾಪಾರದ ‘ಖಿರಾದ್’ ಅಥವಾ ‘ಮುದಾರಬ’ ಒಪ್ಪಂದದಲ್ಲಿ ಬಂಡವಾಳ ಹಾಕಿದವನು ಬಂಡವಾಳದ ನಷ್ಟವನ್ನು ಹೊರುತ್ತಿದ್ದ. ಸರಕಿನೊಡನೆ ಹೋದವನು ತನ್ನ ದುಡಿಮೆಯ ನಷ್ಟವನ್ನು ಹೊರುತ್ತಿದ್ದ. ಬಡ್ಡಿಯಿಲ್ಲದೆ ಅಪಾಯ ಹಂಚಿಕೊಳ್ಳುವ ಬಗೆ ಇದು. ಸಮುದ್ರಕ್ಕೆ ಸರಕು ಎಸೆಯುವ ಪ್ರಸಂಗದಲ್ಲಿ ನಷ್ಟವನ್ನು ಹಂಚುವ ಬಗ್ಗೆಯೂ ಮುಸ್ಲಿಮ್ ನ್ಯಾಯಪಂಡಿತರು ವಿವರವಾಗಿ ಚರ್ಚಿಸಿದ್ದಾರೆ. ಹತ್ತನೆಯ ಶತಮಾನದ ಆರಂಭಕ್ಕೆ ಸೇರಿದ, ಹಡಗು ಬಾಡಿಗೆಯ ಕುರಿತಾದ ‘ಕಿತಾಬ್ ಅಕ್ರಿಯತುಸ್ಸುಫುನ್’ ಎಂಬ ಗ್ರಂಥವೇ ಉಳಿದುಬಂದಿದೆ.

ಜಿನೋವಾದಿಂದ ಸೂರತ್‌ಗೆ

ಸಮುದ್ರ ಸಾಲದ ಮೇಲಿನ ಬಡ್ಡಿಯನ್ನು ಕ್ರೈಸ್ತ ಚರ್ಚು ಸಹ ಒಪ್ಪಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ ಅದನ್ನು ಖಂಡಿಸಿದರು. ಇಟಲಿಯ ವ್ಯಾಪಾರಿಗಳು ಬೇರೆ ದಾರಿ ಹುಡುಕಿದರು. ಸಾಲದಿಂದ ಅಪಾಯವನ್ನು ಬೇರ್ಪಡಿಸಿ, ಅಪಾಯವನ್ನಷ್ಟೇ ಹೊರುವುದಕ್ಕೆ ಬೆಲೆ ಕೇಳುವ ಪದ್ಧತಿ ಬಂತು. ಇಂದು ದೊರೆತಿರುವ ಅತಿ ಹಳೆಯ ವಿಮಾ ಕರಾರುಗಳಲ್ಲೊಂದು 1347ರಲ್ಲಿ ಜಿನೋವಾದಲ್ಲಿ ಬರೆದದ್ದು. ಅದು ನೋಡಲು ಬಡ್ಡಿರಹಿತ ಸಾಲದ ಪತ್ರದಂತಿದೆ. ಧರ್ಮದ ಕಣ್ಣು ತಪ್ಪಿಸಲು ವ್ಯಾಪಾರ ಹಾಕಿಕೊಂಡ ವೇಷ ಅದು.

ಹದಿನೇಳನೆಯ ಶತಮಾನದ ಕೊನೆಗೆ ಈ ವ್ಯವಹಾರ ಲಂಡನ್ನಿನ ಕಾಫಿ ಅಂಗಡಿಗಳಿಗೆ ಬಂತು. ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿಯಲ್ಲಿ ಹಡಗಿನವರೂ ಹಣವಂತರೂ ಸೇರುತ್ತಿದ್ದರು. ಯಮನ್‌ನಿಂದ ಹೋದ ಕಾಫಿಯ ಬಟ್ಟಲಿನ ಮುಂದೆ ಕುಳಿತು ಹಡಗುಗಳ ಸುದ್ದಿ ಕೇಳುತ್ತಾ, ಯಾವ ಪಯಣದ ಅಪಾಯವನ್ನು ಎಷ್ಟು ಹಣಕ್ಕೆ ಹೊರಬಹುದೆಂದು ಲೆಕ್ಕ ಹಾಕುತ್ತಿದ್ದರು. ಇಂದಿನ ಜಗತ್ಪ್ರಸಿದ್ಧ ‘ಲಾಯ್ಡ್ಸ್’ ಮಾರುಕಟ್ಟೆಯ ಮೂಲ ಅದು.

ಭಾರತದಲ್ಲಿಯೂ ಇಂತಹ ವ್ಯವಸ್ಥೆ ಇತ್ತೆಂಬುದನ್ನು ಮರೆಯಬಾರದು. ‘ಬೀಮಾ’ ಎಂಬ ಪದ ಬ್ರಿಟಿಷರು ಕಲಿಸಿದ್ದಲ್ಲ. ಗುಜರಾತಿನ ಸರಾಫರಲ್ಲಿ ‘ಜೋಖಮಿ ಹುಂಡಿ’ ಚಾಲ್ತಿಯಲ್ಲಿತ್ತು. ಸರಕು ಕಳಿಸುವ ವ್ಯಾಪಾರಿ ಅದನ್ನು ಪಡೆಯುವವನ ಮೇಲೆ ಹುಂಡಿ ಬರೆದು ಸರಾಫನಿಗೆ ಕಡಿಮೆ ಬೆಲೆಗೆ ಮಾರುತ್ತಿದ್ದ. ಸರಕು ತಲುಪಿದರೆ ಸರಾಫನಿಗೆ ಪೂರ್ತಿ ಹಣ. ದಾರಿಯಲ್ಲಿ ನಾಶವಾದರೆ ನಷ್ಟ ಸರಾಫನದ್ದು. ಒಂದೇ ಚೀಟಿಯಲ್ಲಿ ಹಣ ರವಾನೆಯೂ ವಿಮೆಯೂ ಸೇರಿತ್ತು.

ಆದರೆ ಸೂರತ್‌ನಿಂದ ಹೊರಡುವ ಹಡಗುಗಳಲ್ಲಿ ಸರಕಷ್ಟೇ ಇರುತ್ತಿರಲಿಲ್ಲ. ಮಕ್ಕಾ ಯಾತ್ರಿಕರೂ ಇರುತ್ತಿದ್ದರು. 1695ರಲ್ಲಿ ಹಿಂದಿರುಗುತ್ತಿದ್ದ ಔರಂಗಝೇಬನ ‘ಗಂಜ್-ಎ-ಸವಾಯಿ’ ಹಡಗನ್ನು ಹೆನ್ರಿ ಎವ್ರಿ ಎಂಬ ಇಂಗ್ಲಿಷ್ ಕಡಲ್ಗಳ್ಳ ದೋಚಿದ. ಸೂರತ್‌ನ ಹೆಸರಾಂತ ವರ್ತಕ ಅಬ್ದುಲ್ ಗಫೂರರ ‘ಫತೇ ಮುಹಮ್ಮದಿ’ಯೂ ಅವನ ಕೈಗೆ ಸಿಕ್ಕಿತು. ಯಾತ್ರಿಕರು ಚಿತ್ರಹಿಂಸೆಗೂ ಮಹಿಳೆಯರು ಅತ್ಯಾಚಾರಕ್ಕೂ ಗುರಿಯಾದರು. ಸೂರತ್‌ನಲ್ಲಿದ್ದ ಇಂಗ್ಲಿಷರನ್ನು ಬಂಧನದಲ್ಲಿಡಲಾಯಿತು. ಕೊನೆಗೆ ಮೊಗಲ್ ಆಡಳಿತವು ಇಂಗ್ಲಿಷ್, ಡಚ್ ಹಾಗೂ ಫ್ರೆಂಚ್ ಕಂಪೆನಿಗಳಿಂದ, ಸಮುದ್ರದಲ್ಲಿ ಯಾತ್ರಿಕರ ಮತ್ತು ವರ್ತಕರ ಹಡಗುಗಳ ರಕ್ಷಣೆಗೆ ಹೊಣೆಯಾಗುವ ಮುಚ್ಚಳಿಕೆ ಬರೆಸಿಕೊಂಡಿತು. ಯಾತ್ರಿಕನ ಜೀವಕ್ಕೆ ಯಾವ ಸರಾಫನೂ ಹುಂಡಿ ಬರೆಯುತ್ತಿರಲಿಲ್ಲ. ಅವನ ಪರವಾಗಿ ಮುಚ್ಚಳಿಕೆ ಕೇಳಲು ಒಬ್ಬ ಬಾದಶಹನೇ ಬೇಕಾಯಿತು.

ಪಣವೋ, ರಕ್ಷಣೆಯೋ?

ಯುರೋಪಿನಲ್ಲಿ ಪ್ರಯಾಣಿಕನ ಜೀವದ ಮೇಲೆ ನಡೆದ ಮೊದಲ ವ್ಯವಹಾರಗಳು ಹೆಚ್ಚಾಗಿ ಜೂಜಿನ ಸ್ವರೂಪದವು. ಹದಿನಾರನೆಯ ಶತಮಾನದ ಕೊನೆಯಲ್ಲಿ ದೂರಪ್ರಯಾಣಕ್ಕೆ ಹೊರಡುವ ಇಂಗ್ಲಿಷರು ಒಂದಿಷ್ಟು ಹಣವನ್ನು ಒಬ್ಬನಲ್ಲಿ ಇಟ್ಟು ಹೋಗುತ್ತಿದ್ದರು. ಜೀವಂತ ಮರಳಿದರೆ ಮೂರು ಪಟ್ಟು ಅಥವಾ ಐದು ಪಟ್ಟು ಹಣ. ಸತ್ತರೆ ಇಟ್ಟದ್ದೂ ಇಲ್ಲ. ಪ್ರವಾಸಿ ಫೈನ್ಸ್ ಮೊರಿಸನ್‌ನ ತಮ್ಮ ಹೆನ್ರಿ ಹೀಗೆ 400 ಪೌಂಡು ಕಟ್ಟಿ ಅಣ್ಣನೊಡನೆ ಜೆರುಸಲೇಮಿಗೆ ಹೋದ. ಸುರಕ್ಷಿತವಾಗಿ ಮರಳಿದ್ದರೆ 1,200 ಪೌಂಡು ಸಿಗುತ್ತಿತ್ತು. ಆದರೆ 1596ರಲ್ಲಿ ಅಂತಾಕಿಯ ಸಮೀಪ ಅವನು ತೀರಿಕೊಂಡ. ಇದು ವಿಮೆಯನ್ನು ತಲೆಕೆಳಗು ಮಾಡಿದಂತಿದೆ. ವಿಮೆಯಲ್ಲಿ ಕಷ್ಟ ಬಂದಾಗ ಹಣ ಬರುತ್ತದೆ. ಇಲ್ಲಿ ಕಷ್ಟ ಬಂದಾಗ ಇದ್ದ ಹಣವೂ ಹೋಗುತ್ತದೆ.

ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿ 1681ರಲ್ಲಿ ಹೊರಡಿಸಿದ ಸಮುದ್ರ ಕಾನೂನು ಮನುಷ್ಯ ಜೀವದ ಮೇಲಿನ ವಿಮೆಯನ್ನು ನಿಷೇಧಿಸಿತು. ಆದರೆ ಒಂದಕ್ಕೆ ಅನುಮತಿಯಿತ್ತು. ಪ್ರಯಾಣಿಕನು ಕಡಲ್ಗಳ್ಳರ ಸೆರೆಗೆ ಸಿಕ್ಕರೆ ಬಿಡುಗಡೆಗೆ ಬೇಕಾದ ಒತ್ತೆಹಣಕ್ಕೆ ವಿಮೆ ಮಾಡಿಸಬಹುದಿತ್ತು. ಜೀವದ ಮೇಲೆ ಪಣ ಕಟ್ಟಬಾರದು, ಆದರೆ ಬಿಡುಗಡೆಯ ಖರ್ಚಿಗೆ ಏರ್ಪಾಡು ಮಾಡಿಕೊಳ್ಳಬಹುದು ಎಂಬ ವಿವೇಕ ಇದರಲ್ಲಿದೆ.

ಜೀವದ ಬೆಲೆಯನ್ನು ಸರಕಿನ ಬೆಲೆಯಂತೆ ಲೆಕ್ಕ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ‘ಝಾಂಗ್’ ಹಡಗು ಸಾಕ್ಷಿ. 1781ರ ನವೆಂಬರ್ ಕೊನೆಯಲ್ಲಿ, ಆಫ್ರಿಕದಿಂದ ಗುಲಾಮರನ್ನು ತುಂಬಿ ಜಮೈಕಕ್ಕೆ ಹೊರಟಿದ್ದ ಈ ಹಡಗಿನ ಸಿಬ್ಬಂದಿ, ಕುಡಿಯುವ ನೀರು ಸಾಲದೆಂಬ ನೆಪದಲ್ಲಿ 130ಕ್ಕೂ ಹೆಚ್ಚು ಮಂದಿಯನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಕಾಯಿಲೆಯಿಂದ ಸತ್ತ ಗುಲಾಮನಿಗೆ ವಿಮಾ ಹಣವಿಲ್ಲ. ಹಡಗನ್ನು ಉಳಿಸಲು ಎಸೆದ ‘ಸರಕಿಗೆ’ ಉಂಟು. ಮಾಲಿಕರು ತಲೆಗೆ 30 ಪೌಂಡಿನಂತೆ ಕೇಳಿದರು. 1783ರಲ್ಲಿ ಜ್ಯೂರಿ ಅವರ ಪರವಾಗಿ ತೀರ್ಪು ನೀಡಿತು. ಮುಂದೆ ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮರುವಿಚಾರಣೆಗೆ ಆದೇಶಿಸಿದರೂ ಕೊಲೆಯ ಆರೋಪದಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ಸ್ವತಃ ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಓಲೌಡಾ ಇಕ್ವಿಯಾನೋ ಈ ಸುದ್ದಿಯನ್ನು ಗ್ರಾನ್‌ವಿಲ್ ಶಾರ್ಪ್‌ಗೆ ಮುಟ್ಟಿಸಿದ್ದರಿಂದ ಅದು ಗುಲಾಮಗಿರಿ ವಿರೋಧಿ ಚಳವಳಿಗೆ ಬಲ ತುಂಬಿತು.

ಇಷ್ಟಾದರೂ ಸ್ವತಂತ್ರ ಪ್ರಯಾಣಿಕನಿಗೆ ಸಮುದ್ರದಲ್ಲಿ ವಿಮೆ ಸಿಕ್ಕಿತೇ? ಇಲ್ಲ. ಹದಿನೆಂಟು-ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಜೀವವಿಮಾ ಪತ್ರಗಳಲ್ಲಿ, ವಿಮೆ ಮಾಡಿಸಿದವನು ಯುರೋಪಿನ ಎಲ್ಲೆ ದಾಟಿದರೆ ಅಥವಾ ಸಮುದ್ರದ ಮೇಲೆ ಸತ್ತರೆ ವಿಮೆ ರದ್ದು ಎಂಬ ಶರತ್ತು ಸಾಮಾನ್ಯವಾಗಿತ್ತು. ಪ್ರಯಾಣಿಕರ ವಿಮೆ ಮೊದಲು ಜನಸಾಮಾನ್ಯರ ಕೈಗೆ ಬಂದದ್ದು ಹಡಗಿನಲ್ಲಲ್ಲ, ರೈಲಿನಲ್ಲಿ. 1849ರಿಂದ ಇಂಗ್ಲೆಂಡಿನ ರೈಲು ನಿಲ್ದಾಣಗಳಲ್ಲಿ ಟಿಕೆಟಿನ ಜೊತೆಗೆ ವಿಮಾ ಚೀಟಿಯೂ ಸಿಗತೊಡಗಿತು. ಮೊದಲನೆಯ ದರ್ಜೆಯವನು ಮೂರು ಪೆನ್ನಿ ಕೊಟ್ಟರೆ 1,000 ಪೌಂಡು, ಎರಡನೆಯ ದರ್ಜೆಯವನು ಎರಡು ಪೆನ್ನಿಗೆ 500 ಪೌಂಡು, ಮೂರನೆಯ ದರ್ಜೆಯವನು ಒಂದು ಪೆನ್ನಿಗೆ 200 ಪೌಂಡು. ಸಾವಿನಲ್ಲೂ ದರ್ಜೆ ಬಿಡಲಿಲ್ಲ. ಆದರೂ ಬಡವನ ಹೆಸರಿಗೆ ಒಂದು ಚೀಟಿ ಬಂತೆಂಬುದು ಸಣ್ಣ ಸಂಗತಿಯಲ್ಲ.

ಯಾತ್ರಿಕರನ್ನು ಬಿಟ್ಟುಹೋದ ಕಪ್ತಾನ

ಹಡಗಿನ ವಿಮೆ ಬಲವಾದಂತೆ ಹಡಗಿನವರ ಜೀವ ಅಗ್ಗವಾಯಿತು. ಹಳೆಯ ಹಡಗಿಗೆ ಮೌಲ್ಯಕ್ಕಿಂತ ಹೆಚ್ಚು ವಿಮೆ ಮಾಡಿಸಿ, ಮಿತಿಮೀರಿ ಸರಕು ತುಂಬಿ ಕಳಿಸಿದರೆ ಮಾಲಿಕನಿಗೆ ನಷ್ಟವಿಲ್ಲ. ತಲುಪಿದರೆ ಬಾಡಿಗೆ, ಮುಳುಗಿದರೆ ವಿಮೆ. ಇವುಗಳನ್ನು ‘ಶವಪೆಟ್ಟಿಗೆ ಹಡಗುಗಳು’ ಎಂದು ಕರೆದರು. ಸಂಸತ್ ಸದಸ್ಯ ಸಾಮ್ಯುಯೆಲ್ ಪ್ಲಿಮ್‌ಸೋಲ್ 1873ರಲ್ಲಿ ಪುಸ್ತಕ ಬರೆದು ಹೋರಾಡಿದ್ದರಿಂದ, ಹಡಗಿನ ಪಕ್ಕದಲ್ಲಿ ಭಾರದ ಮಿತಿ ಸೂಚಿಸುವ ಗೆರೆ 1876ರ ಕಾನೂನಿನಿಂದ ಕಡ್ಡಾಯವಾಯಿತು.

ಇದಾಗಿ ನಾಲ್ಕೇ ವರ್ಷಗಳಲ್ಲಿ ಹಜ್ಜ್ ಯಾತ್ರಿಕರ ಒಂದು ಹಡಗು ಲೋಕದ ಗಮನ ಸೆಳೆಯಿತು. ಅದರ ಹೆಸರೇ ‘ಜಿದ್ದಾ’. 1880ರ ಜುಲೈಯಲ್ಲಿ ಸಿಂಗಾಪುರದಿಂದ ಹೊರಟು ಪಿನಾಂಗಿನ ಮೂಲಕ ಜಿದ್ದಾಕ್ಕೆ ಸಾಗುತ್ತಿದ್ದ ಅದರಲ್ಲಿ ಸುಮಾರು ಸಾವಿರ ಯಾತ್ರಿಕರಿದ್ದರು. ಹೆಂಗಸರು, ಮಕ್ಕಳೂ ಇದ್ದರು. ಬಿರುಗಾಳಿಗೆ ಬಾಯ್ಲರುಗಳು ಬುಡ ಕಳಚಿ ಹಡಗಿನೊಳಗೆ ನೀರು ನುಗ್ಗಿತು. ಯಾತ್ರಿಕರು ದಿನಗಟ್ಟಲೆ ನೀರು ಎತ್ತಿಹಾಕಿದರು. ಆಗಸ್ಟ್ 8ರ ನಸುಕಿನಲ್ಲಿ, ಸೊಮಾಲಿಯಾ ಕರಾವಳಿಯ ಗಾರ್ಡಫುಯಿ ಭೂಶಿರದ ಆಚೆ, ಕಪ್ತಾನನೂ ಅವನ ಹೆಂಡತಿಯೂ ಮುಖ್ಯ ಅಧಿಕಾರಿಗಳೂ ದೋಣಿ ಇಳಿಸಿಕೊಂಡು ಯಾತ್ರಿಕರನ್ನು ಬಿಟ್ಟು ಹೊರಟುಹೋದರು. ಬೇರೊಂದು ಹಡಗು ಅವರನ್ನು ಎತ್ತಿಕೊಂಡು ಏಡನ್ ಮುಟ್ಟಿಸಿತು. ‘ಜಿದ್ದಾ’ ಎಲ್ಲರ ಸಮೇತ ಮುಳುಗಿತು ಎಂದು ಅವರು ಹೇಳಿದರು. ಮರುದಿನ ‘ಆಂಟೆನಾರ್’ ಎಂಬ ಹಡಗು ಅದೇ ‘ಜಿದ್ದಾ’ವನ್ನು ಯಾತ್ರಿಕರ ಸಮೇತ ಎಳೆದುಕೊಂಡು ಏಡನ್‌ಗೆ ಬಂತು! ಕಪ್ತಾನನಿಗೆ ಆದ ಶಿಕ್ಷೆ, ಮೂರು ವರ್ಷ ಪರವಾನಗಿ ಅಮಾನತು. ಜೋಸೆಫ್ ಕಾನ್ರಾಡ್‌ನ ‘ಲಾರ್ಡ್ ಜಿಮ್’ ಕಾದಂಬರಿಗೆ ಈ ಘಟನೆಯೇ ಪ್ರೇರಣೆ. ಕಾದಂಬರಿ ನೆನಪಿಟ್ಟದ್ದು ಓಡಿಹೋದ ಅಧಿಕಾರಿಯ ಮನಸ್ಸಿನ ತೊಳಲಾಟವನ್ನು. ನೀರು ಎತ್ತಿಹಾಕಿ ಹಡಗನ್ನು ತೇಲಿಸಿಟ್ಟ ಯಾತ್ರಿಕರ ಹೆಸರುಗಳು ಯಾರಿಗೂ ನೆನಪಿಲ್ಲ.

ನಮ್ಮ ಹಾಜಿಗಳು ಮಾಡಿಕೊಂಡ ಏರ್ಪಾಡು

ಕರ್ನಾಟಕದ ಹಾಜಿಗಳು ಮುಂಬಯಿಗೆ ಹೋಗಿ ಹಡಗು ಹತ್ತುತ್ತಿದ್ದ ಕಾಲ ಹಿರಿಯರಿಗೆ ಇನ್ನೂ ನೆನಪಿದೆ. 1995ರಿಂದ ಆ ಸಮುದ್ರಯಾನ ನಿಂತಿತು. ಅಂದಿನವರು ಹೊರಡುವ ಮುನ್ನ ಸಾಲ ತೀರಿಸುತ್ತಿದ್ದರು, ವಸಿಯ್ಯತ್ ಬರೆದಿಡುತ್ತಿದ್ದರು, ಮನೆಯವರ ಖರ್ಚಿಗೆ ವ್ಯವಸ್ಥೆ ಮಾಡುತ್ತಿದ್ದರು, ನೆರೆಹೊರೆಯವರಲ್ಲಿ ಕ್ಷಮೆ ಕೇಳುತ್ತಿದ್ದರು. ಪೆಟ್ಟಿಗೆಯಲ್ಲಿ ಕಫನ್ ಬಟ್ಟೆ ಒಯ್ಯುವವರೂ ಇದ್ದರು. ಇದನ್ನು ಬರೀ ಭಾವುಕತೆ ಎನ್ನಲಾಗದು. ತಾನು ಮರಳದಿದ್ದರೆ ಯಾರಿಗೂ ಹೊರೆಯಾಗಬಾರದೆಂಬ ಲೆಕ್ಕಾಚಾರವೂ ಅದರಲ್ಲಿತ್ತು.

ಆದರೆ ಎಲ್ಲರಿಗೂ ಅಂತಹ ಅನುಕೂಲವಿರಲಿಲ್ಲ. ಹೋಗುವ ಹಣವಷ್ಟೇ ಹೊಂದಿಸಿಕೊಂಡು ಹೊರಟ ಸಾವಿರಾರು ಬಡಯಾತ್ರಿಕರು ಜಿದ್ದಾದಲ್ಲಿ ಸಿಕ್ಕಿಕೊಂಡು ಹಸಿವು, ಕಾಯಿಲೆಗಳಿಗೆ ತುತ್ತಾಗುತ್ತಿದ್ದರು. ಬ್ರಿಟಿಷ್ ಸರಕಾರ 1886ರಲ್ಲಿ ಥಾಮಸ್ ಕುಕ್ ಕಂಪೆನಿಗೆ ಯಾತ್ರಿಕರ ಪ್ರಯಾಣದ ಹೊಣೆ ವಹಿಸಿತು. 1893ರಲ್ಲಿ ಆ ಏರ್ಪಾಡು ಕೊನೆಗೊಂಡಿತು. ಮರುಪ್ರಯಾಣದ ಟಿಕೆಟನ್ನು ಕಡ್ಡಾಯ ಮಾಡಬೇಕೇ ಎಂಬ ಚರ್ಚೆ ದಶಕಗಳ ಕಾಲ ನಡೆಯಿತು. ಧಾರ್ಮಿಕ ಕರ್ತವ್ಯಕ್ಕೆ ಸರಕಾರ ಅಡ್ಡಬರಬಾರದು ಎಂಬುದು ಒಂದು ವಾದ. ಹಜ್ಜ್ ಕಡ್ಡಾಯವಾಗುವುದೇ ಹೋಗಿಬರುವ ಖರ್ಚು ಹಾಗೂ ಮನೆಯವರ ಜೀವನಾಧಾರ ಇರುವವನಿಗೆ ಎಂಬುದು ಇನ್ನೊಂದು ವಾದ. 1920ರ ದಶಕದಲ್ಲಿ ಕಾನೂನು ಬಂದು, ಮರುಪ್ರಯಾಣದ ಟಿಕೆಟು ಅಥವಾ ಅದಕ್ಕೆ ಬೇಕಾದ ಠೇವಣಿ ಕಡ್ಡಾಯವಾಯಿತು. ಬಡವನಿಗೆ ಅದು ಭಾರವೇ. ಆದರೆ ಪರದೇಶದ ಬಂದರಿನಲ್ಲಿ ಭಿಕ್ಷೆ ಬೇಡುವ ಭಾರ ಅದಕ್ಕಿಂತ ದೊಡ್ಡದು.

ವಿಮೆಯ ಬಗ್ಗೆ ಧಾರ್ಮಿಕ ಚರ್ಚೆ ಆರಂಭವಾದದ್ದೂ ಸಮುದ್ರ ವಿಮೆಯಿಂದಲೇ. 1836ರಲ್ಲಿ ನಿಧನರಾದ ಡಮಾಸ್ಕಸ್‌ನ ಪಂಡಿತ ಇಬ್ನು ಆಬಿದೀನ್, ಯುರೋಪಿನವರು ಬಂದರುಗಳಲ್ಲಿ ಏಜೆಂಟರನ್ನಿಟ್ಟು ನಡೆಸುತ್ತಿದ್ದ ‘ಸೂಕರಾ’ ಎಂಬ ವ್ಯವಹಾರವನ್ನು ಪರಿಶೀಲಿಸಿದರು. ನಷ್ಟಕ್ಕೆ ಯಾವ ರೀತಿಯಲ್ಲೂ ಕಾರಣನಲ್ಲದವನ ಮೇಲೆ ಹೊಣೆ ಹೊರಿಸಿ ಪರಿಹಾರ ಪಡೆಯುವುದು ಸಮ್ಮತವಲ್ಲ ಎಂದರು. 1961ರಲ್ಲಿ ಅದೇ ಡಮಾಸ್ಕಸ್‌ನಲ್ಲಿ ನಡೆದ ಸಮಾವೇಶವೊಂದರಲ್ಲಿ ಪಂಡಿತ ಮುಸ್ತಫಾ ಅಝ್ಝರ್ಖಾ ವಿಮೆ ಸಮ್ಮತವೆಂದು ವಾದಿಸಿದರು. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ, ನಿಶ್ಚಿತ ಕಂತಿನ ವಾಣಿಜ್ಯ ವಿಮೆ ನಿಷಿದ್ಧ, ಪರಸ್ಪರ ಸಹಕಾರದ ವಿಮೆ ಸಮ್ಮತ ಎಂದು ನಿರ್ಣಯಿಸಿತು. ‘ತಕಾಫುಲ್’ ಎಂಬ ಹೆಸರಿನ ಈ ಸಹಕಾರಿ ವಿಮೆಯ ಮೊದಲ ಕಂಪೆನಿ 1979ರಲ್ಲಿ ಸುಡಾನಿನಲ್ಲಿ ಆರಂಭವಾಗಿತ್ತು. ಹೆಸರು ಹೊಸದಾದರೂ ಇದರ ಆಶಯ ಬಿರುಗಾಳಿಯ ಹಡಗಿನಷ್ಟೇ ಹಳೆಯದು. ಒಬ್ಬನ ಸರಕು ಹೋದಾಗ ಉಳಿದವರೆಲ್ಲ ಪಾಲು ಹಾಕುವುದು.

ಹಡಗಿನ ಹೊಣೆ ಎಲ್ಲಿಯವರೆಗೆ?

1912ರಲ್ಲಿ ‘ಟೈಟಾನಿಕ್’ ಮುಳುಗಿದಾಗ 1,500ರಷ್ಟು ಜನ ಸತ್ತರು. ಹಡಗಿಗೆ 10 ಲಕ್ಷ ಪೌಂಡಿನ ವಿಮೆಯಿತ್ತು. ಅದು ತಿಂಗಳೊಳಗೆ ಪಾವತಿಯಾಯಿತು. ಪ್ರಯಾಣಿಕರ ಕಡೆಯವರು ಅಮೆರಿಕದಲ್ಲಿ ಕೇಳಿದ ಪರಿಹಾರ ಸುಮಾರು 1 ಕೋಟಿ 60 ಲಕ್ಷ ಡಾಲರ್. ಹಡಗಿನ ಮಾಲಿಕನ ಹೊಣೆಗೆ ಮಿತಿ ಹಾಕುವ 1851ರ ಅಮೆರಿಕನ್ ಕಾನೂನಿನ ನೆರಳಿನಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದು, ಕೊನೆಗೆ ಎಲ್ಲರಿಗೂ ಸೇರಿ ದಕ್ಕಿದ್ದು ಸುಮಾರು 6 ಲಕ್ಷ 64 ಸಾವಿರ ಡಾಲರ್.

2012ರ ಜನವರಿ 13ರಂದು ಇಟಲಿಯ ಕರಾವಳಿಯಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ವಿಹಾರ ಹಡಗು ಬಂಡೆಗೆ ಬಡಿದು 32 ಮಂದಿ ಸತ್ತರು. ಅಲ್ಲಿಯೂ ಪ್ರಯಾಣಿಕರು ಇನ್ನೂ ಹಡಗಿನಲ್ಲಿರುವಾಗಲೇ ಕಪ್ತಾನ ಇಳಿದುಹೋಗಿದ್ದ. ಆದರೆ ಈ ಕಪ್ತಾನನಿಗೆ ಆದದ್ದು 16 ವರ್ಷ ಜೈಲು. ಕಾನೂನು ಅಷ್ಟು ದೂರ ನಡೆದು ಬಂದಿದೆ. 2014ರಲ್ಲಿ ಜಾರಿಗೆ ಬಂದ, ಅಥೆನ್ಸ್ ಒಪ್ಪಂದದ ಪರಿಷ್ಕೃತ ರೂಪವು ಹಡಗಿನ ಕಂಪೆನಿಯ ಹೊಣೆಯನ್ನು ಹೆಚ್ಚಿಸಿ, ಆ ಹೊಣೆಗೆ ಕಂಪೆನಿಯೇ ವಿಮೆ ಮಾಡಿಸುವುದನ್ನು ಕಡ್ಡಾಯಗೊಳಿಸಿತು. ಆದರೆ ಆ ಒಪ್ಪಂದ ಎಲ್ಲ ದೇಶಗಳಿಗೂ, ಎಲ್ಲ ಪಯಣಗಳಿಗೂ ಅನ್ವಯಿಸುವುದಿಲ್ಲ. ಅನ್ವಯಿಸುವಲ್ಲಿಯೂ ಒಂದು ಭೇದವಿದೆ. ಹಡಗು ಮುಳುಗಿದರೆ, ಡಿಕ್ಕಿಯಾದರೆ, ಬೆಂಕಿ ಹತ್ತಿದರೆ ನಿರ್ದಿಷ್ಟ ಮೊತ್ತದವರೆಗೆ ಕಂಪೆನಿಯ ತಪ್ಪನ್ನು ಸಾಬೀತುಪಡಿಸಬೇಕಿಲ್ಲ. ಮೆಟ್ಟಿಲಲ್ಲಿ ಜಾರಿ ಕಾಲು ಮುರಿದರೆ ಅದನ್ನು ಸಾಬೀತುಪಡಿಸಬೇಕಾದವನು ಪ್ರಯಾಣಿಕ. ಹೃದಯಾಘಾತವಾದರೆ ಅದು ಅವನ ಪಾಡು.

ವಿಹಾರ ಹಡಗಿನಲ್ಲಿ ಹೆಚ್ಚಾಗಿ ಬರುವ ಕಷ್ಟಗಳು ಈ ಎರಡನೆಯ ಬಗೆಯವು. ಹಡಗಿನ ವೈದ್ಯರು ಸಾಮಾನ್ಯವಾಗಿ ಶುಲ್ಕ ಪಡೆಯುತ್ತಾರೆ. ನಡುಸಮುದ್ರದಿಂದ ಹೆಲಿಕಾಪ್ಟರಿನಲ್ಲಿ ದಡಕ್ಕೆ ಸಾಗಿಸಬೇಕಾದರೆ, ಪರದೇಶದ ಆಸ್ಪತ್ರೆಗೆ ಸೇರಬೇಕಾದರೆ, ಆ ಖರ್ಚು ಮಧ್ಯಮ ವರ್ಗದ ಕುಟುಂಬವನ್ನು ಸಾಲಕ್ಕೆ ದೂಡಬಲ್ಲದು. ಇಲ್ಲಿ ನಾವು ಮಾಡಿಸುವ ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಹೆಚ್ಚಿನವು ಭಾರತದ ಹೊರಗಿನ ಚಿಕಿತ್ಸೆಗೆ ಅನ್ವಯಿಸುವುದಿಲ್ಲ.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಕೊರೋನಾ ಕಾರಣಕ್ಕೆ ತಡೆಹಿಡಿದಾಗ ಅದರಲ್ಲಿ 3,711 ಮಂದಿ ಇದ್ದರು. 700ಕ್ಕೂ ಹೆಚ್ಚು ಜನರಿಗೆ ಸೋಂಕು ತಗಲಿತು. ಹಡಗಿನಲ್ಲಿದ್ದ 138 ಭಾರತೀಯರಲ್ಲಿ ಪ್ರಯಾಣಿಕರು ಕೇವಲ ಆರು. ಉಳಿದ 132 ಮಂದಿ ಸಿಬ್ಬಂದಿ. ಪ್ರಯಾಣಿಕರು ಕೋಣೆಗಳೊಳಗೆ ಉಳಿದಾಗ ಅವರ ಬಾಗಿಲಿಗೆ ಊಟ ಮುಟ್ಟಿಸುತ್ತಿದ್ದವರು ಈ ಸಿಬ್ಬಂದಿ. ನಮ್ಮ ಕರಾವಳಿಯ ಎಷ್ಟೋ ಯುವಕರು ಇಂತಹ ಹಡಗುಗಳಲ್ಲಿ ದುಡಿಯುತ್ತಾರೆ. ಆಗ ಅನೇಕ ವಿಮಾ ಪತ್ರಗಳಲ್ಲಿ ಸಾಂಕ್ರಾಮಿಕ ಪಿಡುಗನ್ನು ಹೊರಗಿಟ್ಟ ಶರತ್ತು ಇತ್ತೆಂಬುದು ಕಷ್ಟ ಬಂದ ಮೇಲೆ ಗೊತ್ತಾಯಿತು.

ನಿರ್ಧಾರ ಹೇಗೆ?

ಹಾಗಾದರೆ ಇಂದಿನ ಪ್ರಯಾಣಿಕ ಏನು ಮಾಡಬೇಕು? ಇಷ್ಟು ದೀರ್ಘ ಇತಿಹಾಸದಿಂದ ನಮಗೆ ಕಾಣುವ ದಾರಿ ಸರಳವಾದುದು. ಮೊದಲಿಗೆ, ಯಾವ ನಷ್ಟವನ್ನು ನಾವೇ ಹೊರಬಲ್ಲೆವು, ಯಾವುದನ್ನು ಹೊರಲಾರೆವು ಎಂದು ಕೇಳಿಕೊಳ್ಳಬೇಕು. ಪೆಟ್ಟಿಗೆ ಕಳೆದರೆ, ಎರಡು ದಿನದ ವಿಹಾರ ರದ್ದಾದರೆ ಬೇಸರವಾಗುತ್ತದೆ, ಮನೆ ಮುಳುಗುವುದಿಲ್ಲ. ಕರಾವಳಿ ಬಿಟ್ಟು ಹೋಗದ, ಕಡಿಮೆ ಖರ್ಚಿನ ಚಿಕ್ಕ ಪಯಣಕ್ಕೆ ಆರೋಗ್ಯವಂತರು ವಿಮೆ ಮಾಡಿಸದಿದ್ದರೂ ನಡೆದೀತು. ಆದರೆ ವಿದೇಶದ ಬಂದರುಗಳಿಗೆ ಹೋಗುವ ಹಡಗಾದರೆ, ಜೊತೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದರೆ, ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಮುಂಗಡ ಕೊಟ್ಟಿದ್ದರೆ, ಚಿಕಿತ್ಸೆ ಹಾಗೂ ಸಾಗಾಟದ ಖರ್ಚು ಭರಿಸುವ ವಿಮೆಯನ್ನು ಬೇಡವೆನ್ನುವುದು ಜಾಣತನವಲ್ಲ. ನಿಶ್ಚಿತ ಕಂತಿನ ವಿಮೆಗೆ ಮನಸ್ಸು ಒಪ್ಪದವರು ಸಹಕಾರಿ ವಿಮೆ ಸಿಗುವ ಕಡೆ ಅದನ್ನು ಆರಿಸಬಹುದು. ಸಿಗದ ಕಡೆ, ಅಷ್ಟು ಹಣವನ್ನು ಮೀಸಲಿಟ್ಟುಕೊಂಡು ಹೊರಡುವುದು ಹಳೆಯ ಹಾಜಿಗಳ ಠೇವಣಿಯ ದಾರಿ.

ಎರಡನೆಯದು, ಕೊಳ್ಳುವ ಮುನ್ನ ಓದಬೇಕಾದದ್ದು ‘ಏನೆಲ್ಲ ಕೊಡುತ್ತೇವೆ’ ಎಂಬ ಮೊದಲ ಪುಟವನ್ನಲ್ಲ. ‘ಏನು ಕೊಡುವುದಿಲ್ಲ’ ಎಂಬ ಕೊನೆಯ ಪುಟಗಳನ್ನು. ಮೊದಲೇ ಇದ್ದ ಕಾಯಿಲೆ, ಸಾಂಕ್ರಾಮಿಕ, ಯುದ್ಧ, ಹಡಗು ತಪ್ಪಿಹೋಗುವುದು, ನಡುಸಮುದ್ರದಿಂದ ದಡಕ್ಕೆ ಸಾಗಿಸುವುದು, ಇವು ಸೇರಿವೆಯೇ ಎಂದು ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕು. ಹಡಗಿನ ಕಂಪೆನಿ ಮಾರುವ ವಿಮೆಯನ್ನೇ ಕೊಳ್ಳಬೇಕೆಂದೇನೂ ಇಲ್ಲ.

ಹಡಗು ತನ್ನ ರಕ್ಷಣೆಯನ್ನು ತಾನು ಮಾಡಿಕೊಂಡಿರುತ್ತದೆ. ಅದರ ಮಾಲಿಕನೂ, ಅದರ ಸರಕೂ ಎರಡು ಸಾವಿರ ವರ್ಷಗಳಿಂದ ಆ ವಿದ್ಯೆಯಲ್ಲಿ ಪಳಗಿದ್ದಾರೆ. ಪ್ರಯಾಣಿಕನ ಹೆಸರಿಗೆ ಒಂದು ಕಾಗದ ಬಂದದ್ದು ಮೊನ್ನೆ ಮೊನ್ನೆ. ಅದನ್ನು ಕೊಳ್ಳುವುದಾದರೂ ಬಿಡುವುದಾದರೂ, ಅದರಲ್ಲಿ ಏನು ಬರೆದಿದೆ ಎಂದು ಓದಿದ ಮೇಲೆಯೇ ಹಡಗು ಹತ್ತೋಣ.